ಅಣ್ಣನ ಹಲ್ಲಿನ ಪ್ಲೇಟು

ಹಲ್ಲಿನ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಅಚ್ಚುಕಟ್ಟಮ್ಮ ಎನ್ನುತ್ತಿದ್ದರು. ಹಿಂದಿನಿಂದ ಆಡಿಕೊಳ್ಳುವಾಗಲೂ ಅದೇ ಹೆಸರು. ಡಾಕ್ಟರುಗಳು ಕಳಿಸಿದ ಬಾಯಿಯ ಅಳತೆಗೆ ಪ್ಲಾಸ್ಟರ್ ಹೊಯ್ದು, ಮೇಲಿನ ಸಾಲಿಗೆ ಕೆಳಗಿನ ಸಾಲು ಜೋಡಿಸಿ, ಕಟ್ಟುಹಲ್ಲೋ ಪ್ಲೇಟೋ ಮಾಡಿಕೊಡುವುದು ಅವಳ ಕೆಲಸ. ಸೊಟ್ಟ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಊಟ ಬಿಟ್ಟು ಎದ್ದು ಸರಿಮಾಡುವ ಹೆಂಗಸು, ಬಾಯೊಳಗಿನ ಸೊಟ್ಟವನ್ನು ಬಿಟ್ಟಾಳೆಯೇ?

ಆ ಸಲ ಬಂದ ಅಳತೆ ಸ್ವಂತ ಅಣ್ಣನದು. ಎತ್ತರದ ಕಟ್ಟಡಗಳ ಕೆಲಸದಲ್ಲಿ ಕ್ರೇನ್ ಓಡಿಸುವವನು, ಗೊರಕೆಯಲ್ಲಿ ಹೆಸರುವಾಸಿ. ಈಚೆಗೆ ಗೊರಕೆಯ ನಡುವೆ ಉಸಿರೇ ನಿಲ್ಲುತ್ತಿತ್ತು. ಹಗಲೆಲ್ಲ ಕೂತಲ್ಲೇ ತೂಕಡಿಕೆ. ನಿದ್ರೆಯ ಪರೀಕ್ಷೆ ಮಾಡಿದವರು ಇದು ಸ್ಲೀಪ್ ಆಪ್ನಿಯಾ ಎಂದು ಹೇಳಿ, ಹಲ್ಲಿಗೆ ಕ್ಲಿಪ್ ಹಾಕುವ ಡಾಕ್ಟರಲ್ಲಿಗೆ ಕಳಿಸಿದ್ದರು. ಮತ್ತೊಂದು ಪರೀಕ್ಷೆಯಲ್ಲಿ ಗುಣ ಕಾಣುವವರೆಗೆ ಕ್ರೇನ್ ಹತ್ತಕೂಡದು ಎಂದೂ ಕಟ್ಟಪ್ಪಣೆ ಮಾಡಿದ್ದರು. ಕ್ಲಿಪ್ ಡಾಕ್ಟರು ಮಲಗುವಾಗ ಹಾಕಿಕೊಳ್ಳುವ ಪ್ಲೇಟಿಗೆ ಅಳತೆ ತೆಗೆದರು. ಅಣ್ಣ ಕಚ್ಚಿದ ಮೇಣದ ಪಟ್ಟಿಯನ್ನೂ ಜೊತೆಗಿಟ್ಟು, ಇದರಂತೆಯೇ ಜೋಡಿಸಿ ಎಂದು ಹೇಳಿ ಕಳಿಸಿದರು.

ಮೇಣದಲ್ಲಿ ಕೆಳದವಡೆ ಮುಂದೆ ಬಂದಿತ್ತು. ಅಣ್ಣನದೋ ಹುಟ್ಟಿನಿಂದ ಹಿಂದಕ್ಕೆ ಕೂತ ದವಡೆ. ಅವಳಿಗೆ ನಗು ಬಂತು. ಮೇಣ ಕೊಟ್ಟರೆ ಅರ್ಧ ಜನ ತಪ್ಪಾಗಿ ಕಚ್ಚುತ್ತಾರೆ ಎಂಬುದು ಲ್ಯಾಬಿನವರಿಗೆಲ್ಲ ಗೊತ್ತು. ಆಗ ಮೇಣ ಬಿಟ್ಟು, ಹಲ್ಲಿಗೆ ಹಲ್ಲು ತಾನಾಗಿ ಕೂರುವ ಕಡೆ ಜೋಡಿಸುವುದು ಅವಳ ರೂಢಿ. ಇವನಂತೂ ಡಾಕ್ಟರ ಕುರ್ಚಿಯಲ್ಲೂ ಕಪಿಚೇಷ್ಟೆ ಮಾಡಿರುತ್ತಾನೆ ಎಂದುಕೊಂಡು ಪಟ್ಟಿಯನ್ನು ಪಕ್ಕಕ್ಕಿಟ್ಟಳು. ಗೊರಕೆಯ ಪ್ಲೇಟು ಅವಳ ಕೈಗೆ ಬಂದದ್ದು ಅದೇ ಮೊದಲು. ಒಂದು ಫೋನ್ ಮಾಡಿ ಕೇಳಬಹುದಿತ್ತು. ಎಲ್ಲ ಗೊತ್ತಿದೆ ಎನ್ನುವವರಿಗೆ ಕೇಳುವ ಬಾಯಿ ಎಲ್ಲಿರುತ್ತದೆ?

ಪ್ಲೇಟು ಸಿದ್ಧವಾದಾಗ ಡಾಕ್ಟರು ಊರಲ್ಲಿರಲಿಲ್ಲ. ಅವರು ಬಂದು ನೋಡುವವರೆಗೆ ಕಾಯುವ ತಾಳ್ಮೆ ಅಣ್ಣನಿಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮನೆಯಲ್ಲಿ ಅದೇ ಮದ್ದು ಎಂದು ನಗುತ್ತಾ ತಂಗಿಯ ಕೈಯಿಂದಲೇ ತೆಗೆದುಕೊಂಡು ಹೋದ. ಅವಳೂ ಹಿಗ್ಗಿ ಕೊಟ್ಟಳು.

ಭಾನುವಾರ ಮಧ್ಯಾಹ್ನ ಅಣ್ಣನ ಮನೆಗೆ ಹೋದಾಗ ಅವನು ಪ್ಲೇಟು ಹಾಕಿಕೊಂಡೇ ದಿವಾನದ ಮೇಲೆ ಮಲಗಿದ್ದ. ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಂತಿತು. ಎದೆ ಎದ್ದು ಬಿದ್ದು ಒದ್ದಾಡುತ್ತಿತ್ತು, ಉಸಿರು ಮಾತ್ರ ಇಲ್ಲ. ಅತ್ತಿಗೆ ಓಡಿಬಂದು ಭುಜ ಅಲ್ಲಾಡಿಸಿದಳು. ಒಮ್ಮೆ ಬುಸ್ಸೆಂದು ಉಸಿರೆಳೆದು ಅವನು ಮತ್ತೆ ಮಗ್ಗುಲಾದ.

"ಮಲಗಿದಾಗ ಇವರ ದವಡೆ, ನಾಲಿಗೆ ಎರಡೂ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತಂತೆ. ಪ್ಲೇಟು ದವಡೆನ ಮುಂದಕ್ಕೆ ಹಿಡಿದಿಡುತ್ತೆ ಅಂದಿದ್ರು ಡಾಕ್ಟ್ರು. ಇದು ಹಿಡೀತಿದೆಯಾ, ನೋಡು. ನಿಂಗೆ ಗೊತ್ತಾಗುತ್ತಲ್ಲ," ಎಂದಳು ಅತ್ತಿಗೆ.

ಅಚ್ಚುಕಟ್ಟಮ್ಮನಿಗೆ ಆಗ ಹೊಳೆಯಿತು. ಮೇಣ ಸೊಟ್ಟಗಿರಲಿಲ್ಲ. ಬೇಕೆಂದೇ ಹಾಗೆ ಕಚ್ಚಿಸಿದ್ದರು. ಅಣ್ಣನ ಪ್ರಾಣ ಉಳಿಸಬೇಕಾಗಿದ್ದ ಆ ಸೊಟ್ಟವನ್ನು ಅವಳು ಅಚ್ಚುಕಟ್ಟಾಗಿ ತಿದ್ದಿಬಿಟ್ಟಿದ್ದಳು.

ಆಗಲೇ ಹೇಳಬೇಕಿತ್ತು. ಅದರ ಬದಲು, ಹೊಸದಲ್ವಾ, ಹೊಂದಿಕೊಳ್ಳೋಕೆ ನಾಲ್ಕು ದಿನ ಬೇಕು ಎಂದಳು. ಪಾಲಿಶ್ ಮಾಡಬೇಕೆಂದು ನೆಪ ಹೇಳಿ ಬೆಳಿಗ್ಗೆ ಪ್ಲೇಟು ಒಯ್ಯುವುದು, ಯಾರಿಗೂ ತಿಳಿಯದಂತೆ ಬೇರೊಂದು ಮಾಡಿಡುವುದು ಎಂದು ಲೆಕ್ಕ ಹಾಕಿದಳು. ಲ್ಯಾಬಿನವರ ಮುಂದೆ ಮುಖ ಹೇಗೆ ತೋರಿಸುವುದು ಎಂಬ ಚಿಂತೆ ಅವಳಿಗೆ ಅಣ್ಣನ ಉಸಿರಿಗಿಂತ ದೊಡ್ಡದಾಗಿತ್ತು. ನಾಚಿಕೆಗೇಡು, ಆದರೆ ನಿಜ.

ಬೆಳಿಗ್ಗೆ ಹೋದರೆ ಅಣ್ಣ ಮನೆಯಲ್ಲಿಲ್ಲ. ನೆಲದ ಮೇಲಿನ ಕೆಲಸ ಸಾಕಾಗಿದೆ, ತಂಗಿ ಮಾಡಿದ ಪ್ಲೇಟಿರುವಾಗ ಪರೀಕ್ಷೆ ಗಿರೀಕ್ಷೆ ಯಾಕೆ ಎಂದು ಮೇಸ್ತ್ರಿಯನ್ನು ಒಪ್ಪಿಸಿ, ಇವತ್ತಿನಿಂದ ಮತ್ತೆ ಕ್ರೇನ್ ಹತ್ತಿದ್ದಾನೆ ಎಂದಳು ಅತ್ತಿಗೆ.

ಅವಳು ಜೀವ ಕೈಯಲ್ಲಿ ಹಿಡಿದು ಓಡಿದಳು. ಕಟ್ಟಡದ ಹತ್ತಿರ ಬರುವಾಗಲೇ ಆಕಾಶದಲ್ಲಿ ಕಬ್ಬಿಣದ ಸರಳಿನ ಕಟ್ಟೊಂದು ಅಲ್ಲಾಡದೆ ನೇತುಕೊಂಡಿತ್ತು. ಅದರ ನೇರ ಕೆಳಗೆ ಜನ ಕಾಂಕ್ರೀಟು ಕಲಸುತ್ತಿದ್ದರು. ಯಾಕೋ ಅಲ್ಲೇ ನಿಲ್ಲಿಸಿದ್ದಾನೆ, ಗಾಳಿ ನೋಡ್ತಿರಬೇಕು ಎಂದ ಮೇಸ್ತ್ರಿ. ಅವಳು ಅವನ ಕೈಯಿಂದ ವಾಕಿಟಾಕಿ ಕಸಿದುಕೊಂಡಳು. ಆಡಿದ್ದು ಅಲ್ಲಿದ್ದವರಿಗೆಲ್ಲ ಕೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಅಣ್ಣಾ, ಆ ಪ್ಲೇಟು ನಾನು ತಪ್ಪು ಮಾಡಿದೀನಿ. ನಿನ್ನೆನೇ ಗೊತ್ತಾಗಿತ್ತು, ಹೇಳಲಿಲ್ಲ."

ಮೇಲಿನಿಂದ ಉತ್ತರವಿಲ್ಲ. ಕೋಪ ಬಂದಿರಬೇಕು, ಬರಲಿ ಎಂದುಕೊಂಡು ಅದನ್ನೇ ಮತ್ತೊಮ್ಮೆ ಹೇಳಿದಳು. ಆಗಲೂ ಇಲ್ಲ. ಮೇಸ್ತ್ರಿ ಕೈ ಬೀಸಿ ಜನರನ್ನು ಆಚೆ ಓಡಿಸತೊಡಗಿದ.

"ಅಣ್ಣಾ, ಕೆಳಗೆ ಬಾರೋ," ಎಂದು ಅವಳು ಅಳುತ್ತಾ ಕೂಗಿದಳು.

ವಾಕಿಟಾಕಿ ಗರಗುಟ್ಟಿತು. ಸರಳಿನ ಕಟ್ಟು ಜೋಕಾಲಿಯಂತೆ ಒಮ್ಮೆ ತೂಗಿ, ಮೆಲ್ಲನೆ ನೆಲಕ್ಕಿಳಿಯಿತು. ಬಹಳ ಹೊತ್ತಿನ ಮೇಲೆ ಅಣ್ಣನೂ ಏಣಿಯಿಳಿದು ಬಂದ. ಅವಳು ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ನಿಂತಳು.

"ಎಲ್ಲಾ ಕೇಳಿಸ್ಕೊಂಡೆಯಲ್ಲ. ಈಗ ಏನು ಬೇಕಾದ್ರೂ ಅನ್ನು," ಎಂದಳು.

ಅಣ್ಣ ಅವಳನ್ನೂ ಮೇಸ್ತ್ರಿಯನ್ನೂ ಪಿಳಿಪಿಳಿ ನೋಡಿದ. ಕಣ್ಣು ಕೆಂಪಗಿದ್ದವು.

"ಏನನ್ನ ಕೇಳಿಸ್ಕೊಂಡೆ? ನೀನು ಕೆಳಗೆ ಬಾ ಅಂದೆ, ಬಂದೆ. ಅದಕ್ಕೆ ಮುಂಚೆ ಏನಾದ್ರೂ ಅಂದ್ಯಾ?"