ದೇವರ ಗೂಡಿನ ಫ್ಯೂಸು

ನಮ್ಮ ಕಾರಿನ ಹಾರ್ನ್ ಮೊದಲ ಸಲ ಬಾಯಿ ಮುಚ್ಚಿದ್ದು ಕುರಿಹಿಂಡಿನ ನಡುವೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ರಸ್ತೆಯ ಈ ಅಂಚಿನಿಂದ ಆ ಅಂಚಿನ ತನಕ ಕುರಿಗಳೇ. ಒತ್ತಿದೆ, ಸದ್ದಿಲ್ಲ. ಇನ್ನೂ ಜೋರಾಗಿ ಒತ್ತಿದೆ, ಆಗಲೂ ಇಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಗಂಟಲು ಹರಿಯುವಂತೆ ಕೂಗಿದೆ. ಕುರಿಗಳು ಕ್ಯಾರೇ ಅನ್ನಲಿಲ್ಲ. ಕುರಿ ಕಾಯುವವನು ಮಾತ್ರ ತಿರುಗಿ, ಕಾರಿನೊಳಗಿಂದ ಹೆಂಗಸೊಬ್ಬಳು ಕೂಗುವುದನ್ನು ಕಂಡು, ನಿಂತು ನೋಡತೊಡಗಿದ.

ನಾನು ಬ್ರೇಕ್ ಹಾಕಿದ್ದಕ್ಕೆ ಹಿಂದಿನ ಬಸ್ಸು ಕಿರ್ರನೆ ಬಂದು ನನ್ನ ಕಾರಿನ ಡಿಕ್ಕಿಗೆ ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು, ಬ್ರೇಕ್ ಲೈಟು ಹತ್ತದ ಗಾಡಿಯನ್ನು ರೋಡಿಗೆ ಯಾಕೆ ತಂದಿರಿ ಎಂದು ಎಲ್ಲರೆದುರು ಬೈದ. ಅಂದರೆ ಅದೂ ಹೋಗಿತ್ತು. ಹೆಡ್‌ಲೈಟು ಮಾತ್ರ ಚೆನ್ನಾಗಿ ಉರಿಯುತ್ತಿತ್ತು, ವೈಪರ್ ಆಡುತ್ತಿತ್ತು. ಅರ್ಧ ಕಾರು ಬದುಕಿ ಅರ್ಧ ಕಾರು ಸಾಯುವುದು ಹೇಗೆ ಎಂದು ನನಗೆ ತಿಳಿಯಲೇ ಇಲ್ಲ.

ಇದು ಎರಡು ಸಾವಿರದ ನಾಲ್ಕರ ಮಾತು. ನಮ್ಮ ಮನೆಯವರು ಅರುಣಕುಮಾರ ಅಂತ, ಕೊಟ್ಟೂರಿನಲ್ಲಿ ಶೇಂಗಾ ದಲ್ಲಾಳಿ ಅಂಗಡಿ. ಆಸೆಯಿಂದ ಆ ಹಳೆಯ ಕಾರು ತಂದರು, ಡ್ರೈವಿಂಗ್ ಕಲಿತರು, ತಮ್ಮದೇ ಅಂಗಡಿಯ ಶೇಂಗಾ ಚೀಲದ ಒಟ್ಟಿಲಿಗೆ ಗುದ್ದಿದರು. ಮೈ ಕೊಡವಿಕೊಂಡು ಇಳಿದವರು ಕೀ ನನ್ನ ಕೈಗಿಟ್ಟು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ನಾನು ತವರಿನಲ್ಲಿ ಅಣ್ಣನ ಜೀಪು ಓಡಿಸಿ ಕಲಿತವಳು. ಹಗರಿಬೊಮ್ಮನಹಳ್ಳಿಯ ಹೊಲಿಗೆ ತರಬೇತಿ ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸ ನನ್ನದು. ಅದನ್ನು ಒಮ್ಮೆ ಬಿಟ್ಟೂ ಆಗಿತ್ತು. ಬಸ್ಸು ಕಾದು ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಅತ್ತೆಯ ಮುಖವೂ ಕತ್ತಲಾಗುತ್ತಿತ್ತು. ಕಾರು ಬಂದ ಮೇಲೆ ಕೆಲಸವೂ ಮರಳಿ ಬಂತು. ಕಾರು ಹೋದರೆ ಕೆಲಸ ಹೋದಂತೆಯೇ.

ನಮ್ಮ ಅತ್ತೆ ಗುರುಬಸಮ್ಮನವರಿಗೆ ನಾನು ಕಾರು ಓಡಿಸುವುದು ಸುತರಾಂ ಇಷ್ಟವಿರಲಿಲ್ಲ. ಹತ್ತಿದರೆ ಹಿಂದಿನ ಸೀಟಿನಲ್ಲಿ ಕೂತು, ಸೆರಗು ಬಾಯಿಗಿಟ್ಟು, ಊರು ಬರುವ ತನಕ ಕಣ್ಣು ಮುಚ್ಚಿರುತ್ತಿದ್ದರು. ಆದರೆ ಕಾರು ಮನೆಗೆ ಬಂದ ದಿನ ಪೂಜೆ ಮಾಡಿದವರು ಅವರೇ. ತೆಂಗಿನಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಒಳಗೆ ಬಗ್ಗಿ ನೋಡಿದರು. ಸ್ಟೇರಿಂಗಿನ ಬಲಕ್ಕೆ, ಕೆಳಗೆ, ಕೊಂಡಿಯ ಒಂದು ಪುಟ್ಟ ಮುಚ್ಚಳ ಕಂಡಿತು. ತೆಗೆದರೆ ಒಳಗೆ ಸಾಲಾಗಿ ಕೆಂಪು, ನೀಲಿ, ಹಳದಿ ತುಣುಕುಗಳು. ನಮ್ಮ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡಿಗೂ ಅಂಥದೇ ಪುಟ್ಟ ಕದ ಇದೆ. ಕಾರು ಮಾಡಿದವರು ದೈವಭಕ್ತರು, ದೇವರಿಗೆ ಗೂಡು ಬಿಟ್ಟಿದ್ದಾರೆ ಎಂದು ಅತ್ತೆ ತೀರ್ಮಾನಿಸಿದರು. ಮುಚ್ಚಳದ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಇನ್ನು ಅದನ್ನು ಯಾರೂ ತೆಗೆಯುವಂತಿಲ್ಲ.

ಆ ಮುಚ್ಚಳ ಸರಿಯಾಗಿ ನನ್ನ ಮೊಣಕಾಲ ಹತ್ತಿರ. ದೇವರಿಗೆ ಚಪ್ಪಲಿ ಕಾಲು ತೋರಿಸಬಾರದೆಂದು ನಾನು ಬರಿಗಾಲಲ್ಲೇ ಕಾರು ಓಡಿಸಬೇಕಾಯಿತು. ಹತ್ತುವಾಗೊಮ್ಮೆ ಮುಚ್ಚಳ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ರೂಢಿಯಾಯಿತು. ಪ್ರತಿ ಸೋಮವಾರ ಅತ್ತೆ ಹೊಸ ವಿಭೂತಿ ಹಚ್ಚುತ್ತಿದ್ದರು. ಆ ದಿನಗಳಲ್ಲೇ ಅವರ ತೋಳಿನ ತಾಮ್ರದ ತಾಯಿತವೂ ಕಳೆಯಿತು. ನಮ್ಮ ಮನೆಯವರು ಹುಟ್ಟಿದಾಗಿನಿಂದ ಅತ್ತೆ ಕಟ್ಟಿಕೊಂಡಿದ್ದ ತಾಯಿತವದು. ದಾರ ಸವೆದು ಬಚ್ಚಲಲ್ಲಿ ಬಿತ್ತು ಎಂದರು. ನಾನು ಬಚ್ಚಲ ಕಾಲುವೆಯನ್ನೆಲ್ಲ ಕಡ್ಡಿಯಿಂದ ಕೆದಕಿದೆ, ಸಿಗಲಿಲ್ಲ. ಹೋಗಲಿ ಬಿಡು ಎಂದು ಅವರೇ ಸುಮ್ಮನಾದರು. ಇಷ್ಟು ವರ್ಷದ ವಸ್ತುವನ್ನು ಅಷ್ಟು ಸುಲಭವಾಗಿ ಬಿಟ್ಟಿದ್ದು ನನಗೆ ವಿಚಿತ್ರವೆನಿಸಿತ್ತು.

ಕುರಿಯ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ದನಿ ಹೋದ ಗಾಡಿ ಮನೆಯಲ್ಲಿರಬಾರದು, ದೇವರು ಬೇಡ ಅಂತ ಹೇಳುತ್ತಿದ್ದಾನೆ ಎಂದರು ಅತ್ತೆ. ಅಮಾವಾಸ್ಯೆಯೊಳಗೆ ಸರಿಹೋಗದಿದ್ದರೆ ಮಾರಿಬಿಡಬೇಕು. ತಾಯಿಯ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ ಎನ್ನುವ ನಮ್ಮ ಮನೆಯವರು ಇದಕ್ಕೂ ಹೂಂ ಎಂದರು. ನನಗೆ ಮೈಯೆಲ್ಲ ಉರಿಯಿತು.

ಬಸ್ ಸ್ಟ್ಯಾಂಡ್ ಹತ್ತಿರ ಓಬಣ್ಣ ಅಂತ ಇದ್ದ, ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳ ವೈರಿಂಗ್ ಮಾಡುವವನು. ಅವನು ಹಾರ್ನನ್ನೇ ಬಿಚ್ಚಿ ನೇರ ಬ್ಯಾಟರಿಗೆ ಹಿಡಿದ. ಅದು ಒದರಿದ ಒದರಿಗೆ ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡಿತು. ಹಾರ್ನ್ ಗಟ್ಟಿಮುಟ್ಟಾಗಿದೆ, ಕರೆಂಟು ಬರುತ್ತಿಲ್ಲ, ಫ್ಯೂಸ್ ಹೋಗಿರಬೇಕು ಎಂದ. ಆದರೆ ಫ್ಯೂಸ್ ಎಲ್ಲಿದೆ? ಬಾನೆಟ್ಟಿನೊಳಗೆ ಹುಡುಕಿದ, ಸೀಟಿನ ಕೆಳಗೆ ಹುಡುಕಿದ. ನಾನೂ ಡಿಕ್ಕಿಯ ಚಾಪೆ ಎತ್ತಿ ನೋಡಿದೆ. ಟ್ರ್ಯಾಕ್ಟರಿನಲ್ಲಿ ಕಣ್ಣೆದುರೇ ಇರುತ್ತದೆ, ಇದರಲ್ಲಿ ಎಲ್ಲಿ ಬಚ್ಚಿಟ್ಟಿದ್ದಾರೋ ಎಂದು ಗೊಣಗಿದ. ಮುಚ್ಚಳ ಕಂಡು ಅದೇನೆಂದು ಕೇಳಿದ. ದೇವರ ಗೂಡು ಎಂದೆ. ಅವನು ಕೈ ಮುಗಿದು ಮತ್ತೆ ಬೇರೆ ಕಡೆ ಹುಡುಕತೊಡಗಿದ.

ಬಹಳ ಹೊತ್ತಿನ ಮೇಲೆ ಬೆವರು ಒರೆಸಿಕೊಂಡು ಕೂತವನು, ಮುಚ್ಚಳವನ್ನೇ ನೋಡುತ್ತ ಮೆಲ್ಲಗೆ ಕೇಳಿದ.

“ಅಕ್ಕಾರ, ದೇವ್ರಿಗೆ ಕಂಪ್ನಿಯವ್ರು ಕೊಂಡಿ ಯಾಕ ಇಟ್ಟಾರ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಚಪ್ಪಲಿ ಬಿಟ್ಟು ಬಂದು ಮುಚ್ಚಳ ತೆಗೆದ. ಫ್ಯೂಸುಗಳು ಅಲ್ಲೇ ಇದ್ದವು. ಯಾವ ಫ್ಯೂಸು ಯಾವುದಕ್ಕೆ ಎಂಬ ಚಿತ್ರಗಳೂ ಮುಚ್ಚಳದ ಮೇಲಿದ್ದವು, ವಿಭೂತಿಯ ಅಡಿಯಲ್ಲಿ. ಒದ್ದೆ ಬಟ್ಟೆಯಿಂದ ಒಂದು ಮೂಲೆ ಮಾತ್ರ ಒರೆಸಿದೆವು, ಅತ್ತೆಗೆ ಗೊತ್ತಾಗಬಾರದಲ್ಲ. ಅಲ್ಲಿ ಸಣ್ಣ ಕಹಳೆಯ ಚಿತ್ರ ಇತ್ತು. ಕೀ ತೆಗೆದಿಟ್ಟು, ಅಲ್ಲೇ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚಿಮಟಿಯಿಂದ ಆ ಫ್ಯೂಸು ಕಿತ್ತ. ಬೆಳಕಿಗೆ ಹಿಡಿದರೆ ಒಳಗಿನ ಎಳೆ ಕಡಿದು ಕಪ್ಪಾಗಿತ್ತು. ನೀಲಿಯದು, ಮೇಲೆ ಹದಿನೈದು ಎಂದಿತ್ತು. ಅದೇ ಬಣ್ಣದ, ಅದೇ ನಂಬರಿನ ಹೊಸದು ಹಾಕಿದ. ಹಾರ್ನ್ ಕೂಗಿತು, ಹಿಂದೆ ಕೆಂಪು ದೀಪ ಹತ್ತಿತು. ನಾನು ಗೆದ್ದೆ ಎಂದುಕೊಂಡೆ.

ಮರುದಿನ ಹೊಲಿಗೆ ಕೇಂದ್ರಕ್ಕೆ ಹೋಗುವಾಗ ಅರ್ಧ ದಾರಿಯಲ್ಲೇ ಮತ್ತೆ ಹಾರ್ನ್ ಇಲ್ಲ. ಓಬಣ್ಣ ಮತ್ತೆ ನೀಲಿ ಹಾಕಿದ, ಅದೂ ಹೋಯಿತು. ಫ್ಯೂಸು ಹಾಕುವುದು ಈಗ ನನಗೇ ಬಾಯಿಪಾಠವಾಯಿತು. ಆದರೆ ಅದು ಯಾಕೆ ಹೋಗುತ್ತದೆ ಎಂಬುದು ಮಾತ್ರ ತಲೆಗೆ ಹತ್ತಲಿಲ್ಲ. ಮನೆಯೆದುರು ನಿಲ್ಲಿಸಿ ಎಷ್ಟು ಒತ್ತಿದರೂ ಹೋಗುವುದಿಲ್ಲ. ಒಮ್ಮೆ ಊರು ದಾಟುವ ಮೊದಲೇ ಹೋಗುತ್ತದೆ, ಒಮ್ಮೆ ಹೋಗಿ ಬಂದರೂ ಏನೂ ಆಗುವುದಿಲ್ಲ. ಸೋಮವಾರ ಹೋಗುತ್ತದೆಯೇ, ಬಿಸಿಲಿಗೆ ಹೋಗುತ್ತದೆಯೇ, ನಾನು ಸಿಟ್ಟಿನಲ್ಲಿದ್ದರೆ ಹೋಗುತ್ತದೆಯೇ ಎಂದೆಲ್ಲ ಯೋಚಿಸಿದೆ. ಅತ್ತೆಯ ಮಾತೇ ನಿಜವಿರಬಹುದೇ ಎಂಬ ಹೆದರಿಕೆಯೂ ಹುಟ್ಟಿತು. ಓಬಣ್ಣ ವೈರುಗಳನ್ನು ಇಲಿ ಕಡಿದಿದೆಯೇ ಎಂದು ಕೆಳಗಿನಿಂದ ನೋಡಿ, ಎಲ್ಲಾ ಸರಿ ಇದೆ ಎಂದ. ಕೊನೆಗೆ ಅವನಿಗೂ ಬೇಸರವಾಗಿ ಮೂವತ್ತು ನಂಬರಿನ ಹಸಿರು ಫ್ಯೂಸು ಹಿಡಿದುಕೊಂಡು ಬಂದ. ಇದಾಗದಿದ್ದರೆ ದಪ್ಪ ತಾಮ್ರದ ತಂತಿ ಸುತ್ತಿಬಿಡುತ್ತೇನೆ ಎಂದ.

“ಹಸರಂದು ಹಾಕಿದ್ರ ಜಲ್ದಿ ಹೋಗಂಗಿಲ್ರಿ.”

“ಫ್ಯೂಸ್ ಹೋಗಾಕಂತಲೇ ಇಟ್ಟಾರಲ್ಲ ಓಬಣ್ಣ. ಅದು ಹೋಗ್ಲಿಲ್ಲ ಅಂದ್ರ ಮತ್ತೇನು ಹೋಗ್ತೈತಿ?”

ನನಗೆ ನಮ್ಮ ಮನೆಯ ಮೀಟರ್ ಬೋರ್ಡು ನೆನಪಿತ್ತು. ಪದೇಪದೇ ಫ್ಯೂಸ್ ಹೋಗುತ್ತದೆಂದು ನಮ್ಮ ಮನೆಯವರು ದಪ್ಪ ತಂತಿ ಕಟ್ಟಿದ್ದರು, ಫ್ಯೂಸು ಉಳಿದು ಬೋರ್ಡು ಸುಟ್ಟಿತ್ತು. ಆ ಗೋಡೆಯ ಮಸಿ ಎಷ್ಟು ಸುಣ್ಣ ಹೊಡೆದರೂ ಹೋಗಿಲ್ಲ. ಹಸಿರು ಬೇಡ ಎಂದೆ. ಹಾಗಾದರೆ ನನಗೂ ತಿಳಿಯುವುದಿಲ್ಲ ಎಂದು ಅವನು ಕೈ ಚೆಲ್ಲಿದ.

ಅಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ, ಮಧ್ಯಾಹ್ನಕ್ಕೆ ಕೂಡ್ಲಿಗಿಯಿಂದ ಗಿರಾಕಿ ಬರುತ್ತಾರೆ, ಕಾರು ತೊಳೆದಿಡು ಎಂದು ನಮ್ಮ ಮನೆಯವರು ಹೇಳಿ ಅಂಗಡಿಗೆ ಹೋದರು. ಬಕೆಟ್ಟು ಹಿಡಿದು ಕಾರಿನ ಹತ್ತಿರ ಬಂದವಳಿಗೆ ಅಳು ಬಂತು. ಅತ್ತೆ ಮಠಕ್ಕೆ ಹೋಗಿದ್ದರು. ಬಕೆಟ್ಟು ಅಲ್ಲೇ ಇಟ್ಟು, ಕೀ ತೆಗೆದು, ಓಬಣ್ಣ ತೋರಿಸಿದಂತೆ ಬ್ಯಾಟರಿಯ ವೈರೂ ಬಿಚ್ಚಿದೆ. ನೆಲಕ್ಕೆ ಕೂತು ಮುಚ್ಚಳ ತೆಗೆದೆ. ಅವನ ದಪ್ಪ ಬೆರಳು ಹೋಗದ ಒಂದು ಸಂದು ಪೆಟ್ಟಿಗೆಯ ಪಕ್ಕದಲ್ಲಿತ್ತು. ಅದರಲ್ಲಿ ಕಿರುಬೆರಳು ಹಾಕಿ ತಡವಿದೆ. ದಾರ ಸಿಕ್ಕಿತು.

ಎಳೆದೆ. ಕರಿ ದಾರದ ತುದಿಗೆ ತಾಮ್ರದ ತಾಯಿತ ಜೋತಾಡುತ್ತ ಬಂತು, ಒಂದು ಕಡೆ ಸುಟ್ಟು ಕಪ್ಪಾಗಿತ್ತು. ಗುಂಡಿಯಲ್ಲಿ ಕಾರು ಕುಣಿದಾಗೆಲ್ಲ ಅದು ಪೆಟ್ಟಿಗೆಯ ಹಿಂದಿನ ವೈರಿನ ಬರಿಯ ತುದಿಗೂ ಕಾರಿನ ತಗಡಿಗೂ ಒಟ್ಟಿಗೇ ತಗಲುತ್ತಿತ್ತು, ಫ್ಯೂಸು ಹೋಗುತ್ತಿತ್ತು. ನಿಂತ ಕಾರಿನಲ್ಲಿ ತಗಲುತ್ತಿರಲಿಲ್ಲ. ಬಚ್ಚಲ ಕಾಲುವೆಯಲ್ಲಿ ನಾನು ಹುಡುಕಿದ ತಾಯಿತವೇ ಅದು.

ಮೊದಲು ಬಂದದ್ದು ಕೆಂಡದಂಥ ಸಿಟ್ಟು. ಹಾಳು ಮಾಡಿದವರೂ ಇವರೇ, ಮಾರು ಎನ್ನುವವರೂ ಇವರೇ. ಆಮೇಲೆ ಅವರ ಬರಿಯ ತೋಳು ಕಣ್ಣಿಗೆ ಬಂತು. ಎಣ್ಣೆ ಹಚ್ಚುವಾಗ ಅಲ್ಲಿ ಬೆಳ್ಳಗೆ ಒಂದು ಪಟ್ಟಿ ಕಾಣುತ್ತಿತ್ತು. ಜ್ವರದಲ್ಲಿ ಡಾಕ್ಟರು ಹೇಳಿದರೂ ಬಿಚ್ಚದ ತಾಯಿತ ಅದು. ನಾನು ಕಾರು ಓಡಿಸುವುದನ್ನು ಬಾಯಿ ತುಂಬ ಬೈಯುತ್ತಲೇ, ಯಾರಿಗೂ ಹೇಳದೆ, ಅದನ್ನು ಬಿಚ್ಚಿ ನನ್ನ ಮೊಣಕಾಲ ಹತ್ತಿರ ಇಟ್ಟಿದ್ದರು. ನನ್ನ ಸಿಟ್ಟಿಗೆ ಎತ್ತ ಹೋಗಬೇಕೋ ತಿಳಿಯಲಿಲ್ಲ.

ಹೇಳಿದರೆ, ತಾಯಿತವೇ ಸುಟ್ಟಿದೆ, ಇದಕ್ಕಿಂತ ಅಪಶಕುನ ಬೇಕೇ ಎಂದು ಈಗಲೇ ಮಾರಿಸುತ್ತಾರೆ. ಹೇಳದಿದ್ದರೆ ಕಾರು ಉಳಿಯುತ್ತದೆ, ಅವರ ತೋಳು ಬರಿದಾಗಿಯೇ ಇರುತ್ತದೆ. ಬ್ಯಾಟರಿ ವೈರು ಜೋಡಿಸಿ, ನೀಲಿ ಫ್ಯೂಸು ಹಾಕಿ, ಗುಂಡಿಗಳಿಗೆ ಹೆಸರಾದ ಉಜ್ಜಿನಿ ದಾರಿಯಲ್ಲಿ ಹೋಗಿ ಬಂದೆ. ಹಾರ್ನ್ ಉಳಿಯಿತು. ನನ್ನ ಗೊಂದಲವೂ ಉಳಿಯಿತು.

ತಿರುಗಿ ಬಂದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಏನೂ ತೀರ್ಮಾನ ಮಾಡದೆಯೇ ನನ್ನ ಕೈ ತಾಯಿತವನ್ನು ಅವರ ಮುಂದೆ ಹಿಡಿಯಿತು.

“ಗೂಡಿನ ಹಿಂದಿತ್ತು ಅತ್ತಿ. ಇದು ತಗಲಿ ಫ್ಯೂಸ್ ಹೋಗ್ತಿತ್ತು.”

ಅವರು ತಿರುಗಿಸಿ ತಿರುಗಿಸಿ ನೋಡಿದರು. ಸುಟ್ಟ ಜಾಗವನ್ನು ಹೆಬ್ಬೆರಳಿಂದ ಉಜ್ಜಿದರು. ಅವರ ಮುಖ ನೋಡಲಾಗದೆ ನಾನು ನೆಲ ನೋಡುತ್ತಿದ್ದೆ.

“ನಿನಗೇನೂ ಆಗ್ಲಿಲ್ಲಲ್ಲ?”

ಇಲ್ಲ ಎಂದೆ. ತಾಮ್ರದಲ್ಲಿ ಕರೆಂಟು ಹರಿಯುವುದು, ಫ್ಯೂಸು ತಾನು ಸುಟ್ಟು ಗಾಡಿ ಉಳಿಸುವುದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು. ತಾನು ಸುಟ್ಟು ಉಳಿಸುವುದು ಎಂಬಲ್ಲಿ ತಾಯಿತದ ಕಡೆ ನೋಡಿ ತಲೆಯಾಡಿಸಿದರು. ನಾನು ಹೇಳುತ್ತಿದ್ದದ್ದು ಫ್ಯೂಸಿನ ಮಾತು, ಆದರೂ ತಿದ್ದಲು ಹೋಗಲಿಲ್ಲ.

ಮಧ್ಯಾಹ್ನ ಕೂಡ್ಲಿಗಿಯವರು ಬಂದರು. ಅತ್ತೆ ಅವರಿಗೆ ಮಂಡಕ್ಕಿ, ಚಹಾ ಕೊಟ್ಟು, ಗಾಡಿ ಕೊಡುವುದಿಲ್ಲ ಎಂದು ಕಳಿಸಿದರು. ನಮ್ಮ ಮನೆಯವರು ಅದಕ್ಕೂ ಹೂಂ ಎಂದರು.

ಮುಂದಿನ ಸೋಮವಾರ ನಾನು ಕೆಲಸಕ್ಕೆ ಹೊರಟಾಗ ಅತ್ತೆ ಒದ್ದೆ ಬಟ್ಟೆ ಹಿಡಿದು ಬಂದು ಮುಚ್ಚಳದ ವಿಭೂತಿಯನ್ನು ತಾವೇ ಒರೆಸಿದರು. ಚಿತ್ರಗಳೆಲ್ಲ ಕಂಡವು. ಆಮೇಲೆ ಹೊಸ ದಾರ ಪೋಣಿಸಿದ ತಾಯಿತವನ್ನು ನನ್ನ ತೋಳಿಗೆ ಕಟ್ಟತೊಡಗಿದರು. ನಿಮಗೇ ಇರಲಿ ಎಂದು ನಾನು ಕೈ ಎಳೆದುಕೊಂಡೆ. ಅವರು ಬಿಡಲಿಲ್ಲ.

“ಗಾಡಿಗಂತ ಕೊಟ್ಟಿದ್ದಿಲ್ಲ ಇದನ್ನ,” ಎಂದರು, ಗಂಟಿನ ಮೇಲೆ ಗಂಟು ಹಾಕುತ್ತ. “ಗಾಡಿ ಹೋದ್ರ ಇನ್ನೊಂದು ಬರ್ತೈತಿ.”

ಅವರು ಸುತ್ತು ಬಳಸಿ ಆ ಕಡೆ ಹೋಗಿ, ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತರು. ಸೆರಗು ಬಾಯಿಗೆ ಹೋಗಲಿಲ್ಲ, ಕಣ್ಣು ತೆರೆದೇ ಇತ್ತು. ಹಾರ್ನ್ ಒತ್ತು ನೋಡೋಣ ಎಂದರು. ಒತ್ತಿದೆ.