ಮ್ಯಾಲಿನ ಹೆಸರು

“ಫೋನಿನ್ಯಾಗ ಹುಡುಕ್ರಿ ಅಕ್ಕಾರ, ಮೊದಲನೇ ಹೆಸರ ನಮ್ದು,” ಎಂದ ಮಲಕಪ್ಪ.

ಬಸ್ಸು ಅಮೀನಗಡದಲ್ಲಿ ನಿಂತಿತ್ತು. ಕಿಟಕಿಯಾಚೆ ಕರದಂಟು ಮಾರುವವರ ಕೂಗಾಟ. ಪಕ್ಕದ ಸೀಟಿನಲ್ಲಿದ್ದ ಶೀಲಾ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಮಲಕಪ್ಪನ ತೊಡೆಯ ಮೇಲಿನ ಗಂಟಿನಿಂದ ಇಣುಕುತ್ತಿದ್ದ ಕೆಂಪು ಸೆರಗನ್ನು ಮುಟ್ಟಿ, ಎಲ್ಲಿಯದೆಂದು ಕೇಳಿದ್ದಳು. ಕೇಳಿದ್ದೇ ತಡ, ಅವನ ಎದೆ ಉಬ್ಬಿತು. ಇಳಕಲ್ಲಿನ ತನ್ನ ಮಗ್ಗದಲ್ಲಿ ತಾನೇ ನೇಯ್ದದ್ದು ಎಂದ. ಬಾಗಲಕೋಟೆಯ ಅಂಗಡಿಯವರು ಬೇಡವೆಂದು ತಿರುಗಿ ಕಳಿಸಿದ್ದನ್ನು ಮಾತ್ರ ಹೇಳಲಿಲ್ಲ.

ದೀಪಾವಳಿಗೆ ಬಂದಿದ್ದ ಅಣ್ಣನ ಮಗಳು ಗೀತಾಂಜಲಿ ಅವನ ಫೋನಿನಲ್ಲಿ ‘ಕಸ್ತೂರಿ ಕೈಮಗ್ಗ’ ಎಂದು ಅವನ ಹೆಂಡತಿಯ ಹೆಸರಿನಲ್ಲೇ ಒಂದು ಪುಟ ಮಾಡಿಕೊಟ್ಟಿದ್ದಳು. ಅಂದಿನಿಂದ ಮಲಕಪ್ಪನಿಗೊಂದು ಹೊಸ ನೇಮ. ಬೆಳಿಗ್ಗೆ ಮಗ್ಗಕ್ಕೆ ವಿಭೂತಿ ಹಚ್ಚಿ, ಅದರ ಕೆಳಗಿನ ಕುಣಿಗೆ ಕಾಲಿಳಿಸಿ ನೇಯಲು ಕೂರುವ ಮೊದಲು ಫೋನಿನಲ್ಲಿ ‘ಇಳಕಲ್ ಕೈಮಗ್ಗದ ಸೀರೆ’ ಎಂದು ಹುಡುಕುವುದು, ತಮ್ಮ ಪುಟವನ್ನು ಒತ್ತಿ ತೆರೆಯುವುದು, ಕಸ್ತೂರಿಗೆ ತೋರಿಸುವುದು. ಮೊದಮೊದಲು ಎಲ್ಲೋ ತಳದಲ್ಲಿ ಸಿಗುತ್ತಿದ್ದ ಹೆಸರು ಮೆಲ್ಲಗೆ ಏರುತ್ತ ಏರುತ್ತ ಸಂಕ್ರಮಣದ ಹೊತ್ತಿಗೆ ಎಲ್ಲರನ್ನೂ ಹಿಂದೆ ಹಾಕಿ ಮೇಲೆ ಬಂದು ಕೂತಿತು. ಅವತ್ತು ಕಸ್ತೂರಿ ಫೋನಿನ ಬೆನ್ನಿಗೂ ವಿಭೂತಿ ಹಚ್ಚಿದಳು.

ಜಗತ್ತೇ ಮೊದಲು ನಮ್ಮ ಬಾಗಿಲಿಗೆ ಬರುವಾಗ ಇನ್ನೊಬ್ಬರ ಹಂಗೇಕೆ? ಮಲಕಪ್ಪ ಸಂಗಯ್ಯ ಸಾವಕಾರರ ನೂಲನ್ನು ಹಿಂದಕ್ಕೆ ಕೊಟ್ಟು ಬಂದ. ಅಪ್ಪನ ಕಾಲದಿಂದ ಅವರು ಕೊಟ್ಟ ನೂಲನ್ನೇ ಕೂಲಿಗೆ ನೇಯುತ್ತ ಬಂದ ಮನೆ ಅದು. ಆಮೇಲೆ ಸ್ವಂತ ದುಡ್ಡಿನಲ್ಲಿ ನೂಲು ಕೊಂಡು ನೇಯ್ದ. ಆದರೆ ಸೀರೆ ಕೇಳಿ ಒಂದು ಫೋನೂ ಬರಲಿಲ್ಲ. ಮದುವೆ ಸುಗ್ಗಿ ಬರಲಿ ಎಂದು ಗಂಡಹೆಂಡಿರು ಸಮಾಧಾನ ಮಾಡಿಕೊಂಡರು. ಈಗ ಬಸವ ಜಯಂತಿ ಮುಗಿದು ಮದುವೆಗಳೂ ಮುಗಿಯುತ್ತ ಬಂದಿದ್ದವು.

ಶೀಲಾ ತನ್ನ ಫೋನಿನಲ್ಲಿ ಬೆರಳಿನಿಂದ ಸರಿಸುತ್ತ ಸರಿಸುತ್ತ ಬಹಳ ಕೆಳಗೆ ಹೋದಳು. ಇಲ್ಲವಲ್ಲ ಕಾಕಾರ ಎಂದಳು. ಮಲಕಪ್ಪ ನಕ್ಕು ತನ್ನ ಫೋನು ತೆಗೆದು ಹುಡುಕಿ ತೋರಿಸಿದ. ಮೊದಲ ಸಾಲಿನಲ್ಲೇ ಕಸ್ತೂರಿ. ಶೀಲಾ ಎರಡೂ ಫೋನನ್ನು ಪಕ್ಕಪಕ್ಕ ಹಿಡಿದು ನೋಡಿದಳು. ದಿನಾಲೂ ಇದನ್ನು ತೆರೆದು ನೋಡುತ್ತೀರೇನು ಎಂದು ಕೇಳಿದಳು. ತಪ್ಪದೇ ನೋಡುತ್ತೇನೆಂದು ಅವನು ಹೆಮ್ಮೆಯಿಂದಲೇ ಹೇಳಿದ.

“ಅದಕ್ಕ ಇದು ನಿಮಗಷ್ಟ ಮ್ಯಾಲ ಕಾಣತೈತ್ರಿ,” ಎಂದಳು ಅವಳು, ಮೆತ್ತಗೆ. “ದಿನಾ ಒತ್ತಿ ನೋಡ್ತೀರಲ್ಲ, ಇವರಿಗೆ ಇದ ಬೇಕು ಅಂತ ಫೋನು ತಿಳ್ಕೊಂಡೈತಿ. ಉಳದವ್ರಿಗೆ ಅವರವ್ರು ನೋಡಿದ್ದನ್ನ ತೋರಸತೈತಿ.”

“ಅಂದ್ರ ನಾ ನೋಡಿ ನೋಡಿ ಮ್ಯಾಲ ಬಂದಿದ್ದೇನ್ರಿ ಇದು?”

ಅವಳು ಹೌದೆಂದು ತಲೆಯಾಡಿಸಿದಳು. ಅಕ್ಕನ ಮಗಳ ಮದುವೆಗೆ ಸೀರೆಗಳನ್ನೆಲ್ಲ ಫೋನಿನಲ್ಲೇ ಹುಡುಕಿ ತರಿಸಿದೆವು, ನಿಮ್ಮ ಹೆಸರು ಕಂಡಿದ್ದರೆ ನಿಮ್ಮಲ್ಲಿಗೇ ಬರುತ್ತಿದ್ದೆವು ಎಂದಳು. ಸಮಾಧಾನಕ್ಕೆಂದು ಆಡಿದ ಆ ಮಾತೇ ಅವನಿಗೆ ಹೆಚ್ಚು ನಾಟಿತು. ಇಷ್ಟು ದಿನ ಜಗತ್ತು ತಟ್ಟುತ್ತಿದೆ ಎಂದುಕೊಂಡಿದ್ದ ಬೆನ್ನನ್ನು ಅವನು ತಾನೇ ತಟ್ಟಿಕೊಂಡಿದ್ದ.

ಇಳಕಲ್ಲಿನಲ್ಲಿ ಇಳಿದವನು ಮನೆಗೆ ಹೋಗದೆ ಸಾವಕಾರರ ಪಡಸಾಲೆಗೆ ಹೋಗಿ ಮತ್ತೆ ನೂಲು ಕೇಳಿ ನಿಂತ. ಸಂಗಯ್ಯನವರು ಕೂಡಿಸಿ ಚಹಾ ಕುಡಿಸಿದರು. ಆಡಿಕೊಂಡು ನಕ್ಕಿದ್ದರೂ ವಾಸಿಯಿತ್ತು, ಅವರು ನಗಲಿಲ್ಲ.

“ಕೈಮಗ್ಗಕ್ಕ ಹೊಸದಾಗಿ ಯಾರಿಗೂ ನೂಲು ಕೊಡಾಂಗಿಲ್ಲ ಮಲಕಪ್ಪಾ,” ಎಂದರು. “ಹಳಬರನ್ನಷ್ಟ ಹೆಂಗೋ ನಡಸಾಕತ್ತೇನಿ. ನೀ ಹಳಬನ ಇದ್ದಿ. ನೀನ ಎದ್ದು ಹೋದಿ.”

ಅವನ ಪಾಲಿನ ನೂಲು ಆಗಲೇ ವಿದ್ಯುತ್ ಮಗ್ಗಕ್ಕೆ ಹೋಗಿತ್ತು. ಅಲ್ಲಿಂದ ಅದು ಮರಳಿ ಬರುವ ಮಾತಿರಲಿಲ್ಲ.

ಮನೆಯಲ್ಲಿ ಕಸ್ತೂರಿ ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಒಂದೊಂದಾಗಿ ಕೂಡಿಸುತ್ತ ಕೂತಿದ್ದಳು. ಮನೆಯಲ್ಲಿ ಉಳಿದಿದ್ದ ಕಡೆಯ ನೂಲು ಅದು. ಗಂಡ ಒಯ್ದ ಗಂಟು ಹಾಗೇ ಮರಳಿದ್ದನ್ನು ಅವಳು ನೋಡಿದಳು. ಅವಳ ಚಿಂತೆ ಬೇರೆಯಿತ್ತು.

“ಮುಂಜಾನಿ ಗಡಿಬಿಡಿಯೊಳಗ ಫೋನ್ ನೋಡೋದ ಬಿಟ್ಟು ಹೋದ್ರಿ. ಒಂದಿನ ತಪ್ಪಿದ್ರ ಎಲ್ಲೆ ಕೆಳಗ ಇಳಿತೈತೋ ಏನೋ. ನೋಡ್ರಿ ಒಮ್ಮೆ.”

ಹೇಳಿಬಿಡಬೇಕೆಂದು ಮಲಕಪ್ಪ ಬಾಯಿ ತೆರೆದ. ಅವಳ ಬೆರಳುಗಳು ಎಳೆಯ ಮೇಲೆ ನಿಂತಿದ್ದವು. ಅವನು ಫೋನು ತೆಗೆದು ಎಂದಿನಂತೆ ಹುಡುಕಿದ.

“ಐತೇನ್ರಿ?”

“ಐತಿ,” ಎಂದ. “ಎಲ್ಲಾರಕಿಂತ ಮ್ಯಾಲ ಐತಿ.”

ಕಸ್ತೂರಿ ಉಟ್ಟ ಸೆರಗಿಗೆ ಕೈ ಒರೆಸಿಕೊಂಡು ಬಂದು, ಗಾಜಿನ ಮೇಲಿನ ತನ್ನ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮತ್ತೆ ಹೋಗಿ ಎಳೆ ಕೂಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಫೋನಿನ ಬೆಳಕು ಮಂಕಾಯಿತು. ಮಲಕಪ್ಪ ಬೆರಳಿನಿಂದ ಒತ್ತಿ ಅದನ್ನು ಮತ್ತೆ ಬೆಳಗಿಸಿ, ಅವಳಿಗೆ ಕಾಣುವಂತೆ ಹಿಡಿದುಕೊಂಡು ಕೂತ.