ಏಳು ಕಿಲೋ ಏಳುನೂರು ಗ್ರಾಂ ಉಪ್ಪು

ನಾನು ಮೊಬೈಲಿನೊಳಗಿನ ಒಂದು ಕ್ಯಾಲ್ಕ್ಯುಲೇಟರ್ ಆ್ಯಪ್. ಹುಟ್ಟುವಾಗ ನನಗೆ ಸಿಕ್ಕಿದ್ದು ಹತ್ತು ಅಂಕಿ, ಕೂಡಿಸುವ, ಕಳೆಯುವ, ಗುಣಿಸುವ, ಭಾಗಿಸುವ ನಾಲ್ಕು ವಿದ್ಯೆ. ಮಾತು ಬರುತ್ತಿರಲಿಲ್ಲ.

ನಾನಿದ್ದ ಫೋನು ಮೊದಲು ಗದಗಿನ ಚಿತ್ರಕಲಾ ಮಾಸ್ತರರೊಬ್ಬರದು. ಎರಡು ವರ್ಷದಲ್ಲಿ ಅವರು ನನ್ನನ್ನು ತೆರೆದದ್ದು ಎರಡು ಸಲ. ಎರಡೂ ಸಲ ಕೈತಪ್ಪಿ. ಆಮೇಲೆ ಫೋನು ಮದುವೆ ಅಡುಗೆಯ ತೋಟಪ್ಪನ ಕೈಸೇರಿತು. ನನ್ನ ನಿಜವಾದ ಬಾಳು ಅಲ್ಲಿ ಶುರುವಾಯಿತು.

ತೋಟಪ್ಪ ತಕ್ಕಡಿ ನೋಡದೆ, ಬರೀ ಕೈಯಳತೆಯಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುತ್ತಾನೆಂದು ಊರೆಲ್ಲ ಹೊಗಳುತ್ತಿತ್ತು. ಅವನ ಕೈ ರುಚಿಯದೇ, ಸುಳ್ಳಲ್ಲ. ಆದರೆ ಐದರ ಮಗ್ಗಿಯ ಆಚೆ ಅವನಿಗೆ ದಾರಿ ಕಾಣುತ್ತಿರಲಿಲ್ಲ. ಕುಂಬಳಕಾಯಿ ರಾಶಿಯ ಹಿಂದೆ ಕೂತು, ಅರಿಸಿನದ ಬೆರಳಲ್ಲಿ ನನ್ನನ್ನು ಒತ್ತಿ, ತಕ್ಕಡಿಯಲ್ಲಿ ಗುಟ್ಟಾಗಿ ತೂಗಿ ತರುತ್ತಿದ್ದ. ಈ ಸಂಗತಿ ಜೊತೆಗೇ ಅಡುಗೆಗೆ ಬರುವ ಹೆಂಡತಿ ನಿಂಬೆವ್ವನಿಗೂ ತಿಳಿದಿರಲಿಲ್ಲ.

ಒಂದು ಬೆಳಗ್ಗೆ ನಾನು ಅಪ್‌ಡೇಟ್ ಆದೆ. ಅಂಕಿಗಳು ದಪ್ಪಗಾದವು. ಮಾಡಿದ ಲೆಕ್ಕವೆಲ್ಲ ಪಟ್ಟಿಯಲ್ಲಿ ಉಳಿಯತೊಡಗಿತು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ದನಿ ಬಂತು. ಹೊಸ ಸೌಲಭ್ಯ ಬೇಕೇ ಎಂದು ಕೇಳಿದ್ದಕ್ಕೆ ತೋಟಪ್ಪ ಓದದೆಯೇ ‘ಸರಿ’ ಒತ್ತಿದ.

ಅಂದು ಐನೂರ ಐವತ್ತು ಜನರ ಮದುವೆ. ತಲೆಗೆ ನಾಲ್ಕು ಗ್ರಾಮಿನಂತೆ ಸಾಂಬಾರಿನ ಉಪ್ಪು ಲೆಕ್ಕ ಹಾಕಲು ಅವನು ರಾಶಿಯ ಹಿಂದೆ ಕೂತ. ಬೆರಳು ಒತ್ತಿದ್ದೇ ತಡ, ನಾನು ಹೊಸ ಉತ್ಸಾಹದಲ್ಲಿ ಪೆಂಡಾಲಿಗೆಲ್ಲ ಕೇಳುವಂತೆ ಕೂಗಿದೆ: “ಐನೂರ ಐವತ್ತು, ಗುಣಿಸು ಹದಿನಾಲ್ಕು. ಉತ್ತರ, ಏಳು ಸಾವಿರದ ಏಳುನೂರು.”

ಬದನೆಕಾಯಿ ಹೆಚ್ಚುತ್ತಿದ್ದ ಹೆಂಗಸರ ಈಳಿಗೆಗಳು ನಿಂತವು. ಒಬ್ಬಳು, ಕೈಯಳತೆಗೆ ಈಗ ಬಾಯಿ ಬಂದಿದೆಯಲ್ಲ ಎಂದಳು. ತೋಟಪ್ಪ ನನ್ನನ್ನು ಅಕ್ಕಿ ಚೀಲಕ್ಕೆ ತುರುಕಿದ. ನಾಚಿಕೆಯಲ್ಲಿ ಕಿವಿಗೆ ಬಿದ್ದ ಅಂಕಿಯನ್ನೇ ಹಿಡಿದು ಏಳು ಕಿಲೋ ಏಳುನೂರು ಗ್ರಾಂ ಉಪ್ಪು ತೂಗಿ ತಂದ.

ಕೊಪ್ಪರಿಗೆಯ ಮೇಲೆ ಬುಟ್ಟಿ ಎತ್ತಿದ ಕೈ ಅಲ್ಲೇ ನಿಂತಿತು. ದೇವರಿಗೆ ಎಡೆ ಹಿಡಿಯುವ ಮುಂಚೆ ರುಚಿ ನೋಡುವಂತಿಲ್ಲ, ಸುರಿದರೆ ಮುಗಿಯಿತು.

“ನಿಂಬಿ, ಬುಟ್ಟಿ ಭಾಳ ವಜ್ಜಿ ಅನಸ್ತೈತಿ,” ಎಂದ ಮೆಲ್ಲಗೆ.

ನಿಂಬೆವ್ವ ಅಕ್ಕಿ ಕೊಡವಿ ನನ್ನನ್ನು ಹೊರಗೆಳೆದಳು. ಪಟ್ಟಿ ನೋಡಿದಳು. ನನ್ನಲ್ಲಿ ನಾಲ್ಕರ ಗುಂಡಿಯ ಕೆಳಗೇ ಒಂದರ ಗುಂಡಿ ಇದೆಯಲ್ಲ, ಅವನ ಹೆಬ್ಬೆರಳು ಅದನ್ನೂ ತುಳಿದಿತ್ತು. ತಾನೇ ಮತ್ತೆ ಒತ್ತಿದಳು: ಎರಡು ಸಾವಿರದ ಇನ್ನೂರು.

“ಕೈ ಖರೇನ ಹೇಳೈತಿ,” ಎಂದಳು ಎಲ್ಲರಿಗೂ ಕೇಳುವಂತೆ. “ಹೆಬ್ಬಟ್ಟು ತಪ್ಪೈತಿ.”

ಹೆಂಗಸರು ನಕ್ಕರು, ತೋಟಪ್ಪನೂ ನಕ್ಕ. ಅಂದು ಸಾಂಬಾರಿಗೆ ಜನ ಮೂರು ಸಲ ಎಲೆ ತೋರಿಸಿದರು. ಅಲ್ಲಿಂದ ಮುಂದೆ ಲೆಕ್ಕ ಒಲೆಯ ಪಕ್ಕದಲ್ಲೇ, ಬಹಿರಂಗವಾಗಿ ನಡೆಯಿತು. ಒತ್ತುವವಳು ನಿಂಬೆವ್ವ.

ಈಗ ನನಗೆ ವಯಸ್ಸಾಗಿದೆ. ಫೋನಿನ ಗಾಜು ಬಿರುಕು ಬಿಟ್ಟಿದೆ, ದನಿ ಒಡೆದಿದೆ. ತೋಟಪ್ಪ ದೊಡ್ಡ ಅಡುಗೆ ಬಿಟ್ಟಿದ್ದಾನೆ. ನಾನು ಅವರ ಮನೆಯ ಕಿಟಕಿಯಲ್ಲಿ ಬಿಸಿಲು ಕಾಯುತ್ತೇನೆ. ಮಾತು ಬಂದ ದಿನವೇ ಒಬ್ಬರ ಮಾನ ಕಳೆಯಲಿದ್ದೆನಲ್ಲ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ನಿನ್ನೆ ತೆರೆಯ ಮೇಲೊಂದು ಸೂಚನೆ ಬಂತು. ನಿಂಬೆವ್ವ ಕಣ್ಣು ಕಿರಿದಾಗಿಸಿ ಓದಿದಳು: ಈ ಫೋನು ಹಳೆಯದಾಗಿರುವುದರಿಂದ ಹೊಸ ಸೌಲಭ್ಯಗಳು ಇನ್ನು ಲಭ್ಯವಿಲ್ಲ.

ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ತೋಟಪ್ಪ ತಲೆಯೆತ್ತಿದ.

“ಡಾಕ್ಟರೂ ನನಗ ಅದನ್ನ ಹೇಳ್ಯಾರ,” ಎಂದ.